ಪಾಯಕ್ಕೆ ಬಂದ ಮಾಸ್ತಿಕಲ್ಲು

ಜನವರಿ ಮೂರು, ಶುಕ್ರವಾರ, ಬೆಳಿಗ್ಗೆ ಹತ್ತೂವರೆ. ಕಂಪ್ಲಿ ಠಾಣೆಯ ಮುಂದೆ ಬಂದು ನಿಂತ ಬಿಳಿ ಕಾರು ಎಷ್ಟು ಉದ್ದವಿತ್ತೆಂದರೆ, ಮುಂದಿನ ಗಾಲಿ ಠಾಣೆಯ ಕಾಂಪೌಂಡಿನೊಳಗೆ ಬಂದು ಆರಾಮಾಗಿ ನಿಂತ ಮೇಲೂ ಹಿಂದಿನ ಗಾಲಿ ಇನ್ನೂ ಗಂಗಾವತಿ ರಸ್ತೆಯಲ್ಲೇ ಇತ್ತು. ಅದರಿಂದ ಇಳಿದವರು ವೀರೇಶ್. ಎರಡು ರೈಸ್ ಮಿಲ್ಲಿನ ಮಾಲೀಕರು, ಬಜಾರದಲ್ಲಿ ಅಕ್ಕಿ ಮಂಡಿ ಇಟ್ಟವರು, ಈಚೆಗೆ ಗ್ರಂಥಾಲಯ ಪ್ರಾಧಿಕಾರದ ಸದಸ್ಯರೂ ಆದವರು. ಅವರ ಕೈಯಲ್ಲಿ ದೂರಿನ ಅರ್ಜಿ ಇತ್ತು, ಮುಖದಲ್ಲಿ ಇಡೀ ಜಿಲ್ಲೆಗೆ ಸಾಲುವಷ್ಟು ಸಿಟ್ಟಿತ್ತು.

ಒಳಗೆ ಕುರ್ಚಿಯಲ್ಲಿದ್ದವರು ಪಿಎಸ್‌ಐ ಹೊನ್ನೂರುಸ್ವಾಮಿ. ಅವರ ಮೀಸೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಸಂಡೂರಿನಲ್ಲಿದ್ದಾಗ ಆ ಮೀಸೆಯನ್ನು ಕಂಡೇ ಅದಿರಿನ ಲಾರಿಗಳ ಒಂದು ದೊಡ್ಡ ಸಾಲು ರಿವರ್ಸ್ ಗೇರಿನಲ್ಲಿ ಗಣಿಗೆ ವಾಪಸ್ ಹೋಗಿತ್ತೆಂದು ಇಲಾಖೆಯಲ್ಲಿ ಪ್ರತೀತಿ. ಆ ಪ್ರತೀತಿಯನ್ನು ಹಬ್ಬಿಸಿದವರು ಅವರೇ ಎಂಬುದು ಬೇರೆ ಮಾತು.

ದೂರಿನ ಸಾರಾಂಶ ಇಷ್ಟು. ಊರಿನ ಶಾಖಾ ಗ್ರಂಥಾಲಯದ ನವೀಕರಣ ಮತ್ತು ವಿಸ್ತರಣೆಗೆ ಪ್ರಾಧಿಕಾರ ಮಂಜೂರಾತಿ ಕೊಟ್ಟಿತ್ತು. ಹಿಂಭಾಗದಲ್ಲಿ ಪಾಯ ತೋಡಿದ್ದರು. ಸೋಮವಾರ ಎಳ್ಳಮಾವಾಸ್ಯೆ, ಕೆಲಸಕ್ಕೆ ರಜೆ. ಮಂಗಳವಾರ ಕೂಲಿಯವರು ಬಂದು ಗುದ್ದಲಿ ಹಾಕಿದರೆ ಟಣ್ಣೆಂದು ಕಲ್ಲು ತಾಗಿತು. ಮಣ್ಣು ಸರಿಸಿದರೆ ಹಳೆಯ ಕಾಲದ ಮಾಸ್ತಿಕಲ್ಲು. ಹೊತ್ತು ಮುಳುಗುವುದರೊಳಗೆ ಕಂಪ್ಲಿಯ ಅರ್ಧ ಜನ ಊದಿನಕಡ್ಡಿ ಹಿಡಿದು ಬಂದಿದ್ದರು, ಉಳಿದರ್ಧ ಅವರನ್ನು ನೋಡಲು ಬಂದಿದ್ದರು. ಬುಧವಾರ ಪುರಾತತ್ವ ಇಲಾಖೆಯವರು ಬಂದು ಕಲ್ಲನ್ನು ಮುಟ್ಟಬಾರದು, ಕೆಲಸ ನಿಲ್ಲಿಸಿ ಎಂದರು. ಆದರೆ ಅವರದೇ ಅಧಿಕಾರಿಯೊಬ್ಬರು ಕಲ್ಲಿನ ಮಣ್ಣಿನಡಿಯ ಭಾಗದಲ್ಲೂ ಇದ್ದ ಹೊಸ ಸುಣ್ಣ, ಅರಿಶಿನ ನೋಡಿ, ಇದು ಹೂತಿದ್ದ ಕಲ್ಲಲ್ಲ, ಯಾರೋ ತಂದಿಟ್ಟ ಕಲ್ಲು, ಪೊಲೀಸರಿಗೆ ದೂರು ಕೊಡಿ ಎಂದಿದ್ದರು.

ವೀರೇಶರಿಗೆ ಸಂಶಯ ಒಬ್ಬನ ಮೇಲೆ. ಗ್ರಂಥಾಲಯದ ಹಿಂದಿನ ಗೋಡೆಗೆ ಆನಿಸಿ ಮಿರ್ಚಿ ಬಂಡಿ ನಿಲ್ಲಿಸುವ ಮಲ್ಲೇಶ್. ಕಟ್ಟಡ ದೊಡ್ಡದಾದರೆ ಅವನ ಬಂಡಿಗೆ ಜಾಗವಿಲ್ಲ.

"ನಮ್ಮವ್ವಗ ಒಂದಕ್ಷರ ಬರೂದಿಲ್ಲ ಸಾಹೇಬ್ರ," ಎಂದರು ವೀರೇಶ್. ಅವರ ಕಣ್ಣು ತೇವವಾಯಿತು. ಈ ಮಾತು ಬಂದಾಗೆಲ್ಲ ತಪ್ಪದೆ ತೇವವಾಗುತ್ತಿತ್ತು. "ಎಲ್ಲಿ ಹೋದ್ರೂ ಹೆಬ್ಬೆಟ್ಟು. ಅಂಥಾ ತಾಯಿ ಹೆಸರಿಗೆ ನಾ ಓದೋ ಮನಿ ಕಟ್ಟಾಕ ಹೊಂಟೀನಿ. ತಡಿಯಾಕ ಬಂದಾವ ಯಾವನರ ಇರಲಿ, ಬಿಡಬ್ಯಾಡ್ರಿ."

ಹೊನ್ನೂರುಸ್ವಾಮಿ ಮೀಸೆಯ ಎರಡೂ ತುದಿಗಳನ್ನು ಮುಟ್ಟಿ ನೋಡಿಕೊಂಡರು. ವೀರೇಶರ ಹಿಂದೆಯೇ ಬಂದಿದ್ದವರಲ್ಲಿ ಇಬ್ಬರು ಪತ್ರಿಕೆಯವರೂ ಇದ್ದರು.

"ಮೂರು ದಿನ ಕೊಡ್ರಿ. ಮಾಡಿದಾವನ ನಿಮ್ಮ ಮುಂದ ತಂದು ನಿಲ್ಲಸಲಿಲ್ಲ ಅಂದ್ರ ಈ ಮೀಸಿ ತಗದು ನಿಮ್ಮ ಗ್ರಂಥಾಲಯಕ್ಕ ದಾನ ಕೊಡತೀನಿ."

ಮರುದಿನ ಪತ್ರಿಕೆಯಲ್ಲಿ ಅದೇ ಬಂತು, ಮೀಸೆಯ ಫೋಟೊ ಸಮೇತ. ಸಾರ್ವಜನಿಕ ಕಾಮಗಾರಿಗೆ ಅಡ್ಡಿ, ಪುರಾತನ ವಸ್ತುವಿನ ಅಕ್ರಮ ಸಾಗಣೆ ಎಂದು ಎಫ್‌ಐಆರ್ ದಾಖಲಾಯಿತು.

ಶುಕ್ರವಾರ ಮಧ್ಯಾಹ್ನವೇ ಸ್ಥಳ ಪಂಚನಾಮೆ. ಹೊನ್ನೂರುಸ್ವಾಮಿಯ ಜೊತೆಗೆ ಬಂದವಳು ಕಾನ್‌ಸ್ಟೆಬಲ್ ಸುಮಲತಾ. ಇವಳ ನಾಲಿಗೆಯ ಮುಂದೆ ಠಾಣೆಯ ಲಾಠಿಗಳೆಲ್ಲ ಹತ್ತಿಯ ಬತ್ತಿ. ಸಾಹೇಬರಿಗೂ ಹೆದರುವವಳಲ್ಲ, ಹೆದರಿದರೂ ಅದನ್ನು ಮಾತಿನಲ್ಲಿ ತೋರಿಸಿದವಳಲ್ಲ.

ಆ ಗ್ರಂಥಾಲಯ ಎಷ್ಟು ಹಳೆಯದೆಂದರೆ ಮಳೆಗಾಲದಲ್ಲಿ ಒಳಗೆ ಛತ್ರಿ ಹಿಡಿದು ಪೇಪರ್ ಓದಬೇಕಿತ್ತು, ಬೇಸಿಗೆಯಲ್ಲಿ ಚಾವಣಿಯ ತೂತಿನಿಂದ ಬಿದ್ದ ಬಿಸಿಲಲ್ಲಿ ಹಪ್ಪಳ ಒಣಗಿಸಬಹುದಿತ್ತು. ಮುಂದಿನ ಪಡಸಾಲೆ ಬಜಾರದ ಕಡೆಗೆ. ಅಲ್ಲಿ ಗಂಡಸರು. ಒಂದು ಪತ್ರಿಕೆಯನ್ನು ಹಾಳೆ ಹಾಳೆ ಬಿಡಿಸಿ ಹಂಚಿಕೊಂಡು, ಕ್ರೀಡಾಪುಟಕ್ಕಾಗಿ ಪಾಣಿಪತ್ತಿನ ನಾಲ್ಕನೇ ಯುದ್ಧ ಮಾಡುತ್ತಿದ್ದರು. ಎದುರಿಗೇ ವೀರೇಶರ ಅಕ್ಕಿ ಮಂಡಿ. ಗ್ರಂಥಾಲಯದ ಮೆಟ್ಟಿಲ ಮೇಲೆ ಯಾರ ಚಪ್ಪಲಿ ಬಿಟ್ಟಿದೆ ಎಂಬುದು ಮಂಡಿಯ ಗಾದಿಯಿಂದ ಸಲೀಸಾಗಿ ಕಾಣುತ್ತಿತ್ತು.

ಹಿಂದೆ ಇನ್ನೊಂದು ಖೋಲಿ ಇತ್ತು. ಮಹಿಳಾ ವಿಭಾಗ. ಅದಕ್ಕೆ ಹಿಂದಿನ ಓಣಿಗೆ ತೆರೆಯುವ ಬೇರೆ ಬಾಗಿಲು, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು, ಅಷ್ಟು ಗಿಡ್ಡ. ಪಾಯ ತೋಡಿದ್ದು ಅದರ ಮಗ್ಗುಲಲ್ಲೇ.

ಕಟ್ಟಡದ ಮುಂದೆ ಆನೆಯನ್ನು ಮುಚ್ಚುವಷ್ಟು ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಹೊಸ ಗ್ರಂಥಾಲಯದ ಚಿತ್ರ: ಎರಡು ಅಂತಸ್ತು, ಗಾಜಿನ ಮುಂಭಾಗ, ಬಜಾರಕ್ಕೆ ಮುಖ ಮಾಡಿದ ಒಂದೇ ಒಂದು ಭಾರಿ ಬಾಗಿಲು. ಒಂದು ಮೂಲೆಯಲ್ಲಿ ಕೈಮುಗಿದ ವೀರೇಶ್, ಇನ್ನೊಂದು ಮೂಲೆಯಲ್ಲಿ ಅವರ ತಾಯಿ ಕೊಟ್ರಬಸಮ್ಮ. ನಡುವೆ ಬರೆದಿತ್ತು: 'ಅಕ್ಷರ ಕಾಣದ ತಾಯಿಗೆ ಮಗನ ಅಕ್ಷರ ಕಾಣಿಕೆ.'

"ಹಿಂದಿನ ಖೋಲಿ ಈ ಚಿತ್ರದಾಗ ಎಲ್ಲೈತಿ?" ಎಂದು ಸುಮಲತಾ ಕೇಳಿದಳು.

ಉತ್ತರ ಕೊಟ್ಟವರು ಗ್ರಂಥಾಲಯ ಸಹಾಯಕಿ ಗಂಗಾಂಬಿಕಾ. ಐವತ್ತರ ಹತ್ತಿರದ ಹೆಂಗಸು, ಕನ್ನಡಕದ ದಾರ ಕೊರಳಲ್ಲಿ. ಆ ಖೋಲಿ ಹೋಗುತ್ತದೆ, ಬಾಗಿಲೂ ಹೋಗುತ್ತದೆ, ಇನ್ನು ಎಲ್ಲರಿಗೂ ಒಂದೇ ಹಾಲು ಎಂದರು. ಹಿಂದಿನಿಂದ ಬರುವ ಹೆಣ್ಣುಮಕ್ಕಳು ಮುಂದಿನಿಂದ ಬರುತ್ತಾರೋ ಇಲ್ಲವೋ ತನಗೆ ಗೊತ್ತಿಲ್ಲ, ಪ್ರಾಧಿಕಾರದ ಸಭೆಯಲ್ಲಿ ಕೇಳಿದ್ದೆ, ಕಾಲ ಬದಲಾಗಿದೆ ಎಂದರು, ಎಂದು ಹೇಳಿದರು. ಕಾಲ ಬದಲಾಗಿದೆ ಎಂದವರು ಯಾರೆಂದು ಹೊನ್ನೂರುಸ್ವಾಮಿ ಕೇಳಲಿಲ್ಲ. ಆ ಮಾತಿನವರು ಫ್ಲೆಕ್ಸಿನಲ್ಲೇ ಕೈಮುಗಿದು ನಿಂತಿದ್ದರು.

ಪಂಚರ ಸಮಕ್ಷಮ, ಪುರಾತತ್ವ ಅಧಿಕಾರಿಯ ಎದುರಿನಲ್ಲಿ ಕಲ್ಲನ್ನು ಎತ್ತಿಸಿದರು. ಎದೆಯೆತ್ತರದ ಕಲ್ಲು. ಗಂಡನ ಚಿತೆ ಏರಿದ ಹೆಣ್ಣುಮಗಳ ನೆನಪಿಗೆ ಹಿಂದಿನವರು ನಿಲ್ಲಿಸುತ್ತಿದ್ದಂಥದು. ನಡುವೆ ಬಳೆ ತೊಟ್ಟು ಮೇಲೆತ್ತಿದ ಒಂದು ಕೈ. ನಾಲ್ಕು ಜನ ಹಗ್ಗ ಹಾಕಿ ಎಳೆದಾಗ ಹೊನ್ನೂರುಸ್ವಾಮಿ ದೂರದಿಂದಲೇ ಎಷ್ಟು ತಿಣುಕಿದರೆಂದರೆ, ಎತ್ತಿದವರು ತಾವೇ ಎಂದು ನಂಬಿ ಬೆವರು ಒರೆಸಿಕೊಂಡರು.

ಕಲ್ಲಿನ ಅಡಿಯಲ್ಲಿ, ಒದ್ದೆ ಮಣ್ಣಿನಲ್ಲಿ, ಒಂದು ಹಸಿರು ಖಣದ ಗಂಟು ಅಪ್ಪಚ್ಚಿಯಾಗಿತ್ತು. ಬಿಚ್ಚಿದರೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಅಡಿಕೆ, ಬಾಡಿದ ವೀಳ್ಯದೆಲೆ.

"ಮಾಟ," ಎಂದರು ಹೊನ್ನೂರುಸ್ವಾಮಿ ತಕ್ಷಣ. ಪಂಚರಿಬ್ಬರೂ ಎರಡು ಹೆಜ್ಜೆ ಹಿಂದೆ ಸರಿದರು.

"ಮಾಟ ಅಲ್ಲ ಸಾರ್, ಉಡಿ," ಎಂದಳು ಸುಮಲತಾ. "ನಿಮ್ಮ ಮನಿಯಾಕಿ ಪ್ರತಿ ಸಲ ತವರಿಂದ ಬರೂ ಮುಂದ ಸೆರಗಿನಾಗ ಕಟಗೊಂಡು ಬರೂದು ಏನು? ಇದ."

ಸಾಹೇಬರು ಮೀಸೆಯ ಒಂದು ತುದಿಯನ್ನಷ್ಟೇ ಮುಟ್ಟಿಕೊಂಡರು.

"ಇದನ್ನ ತಂದಾಕಿ ಹೆಣ್ಣುಮಗಳು," ಎಂದು ಸುಮಲತಾ ಮುಂದುವರಿಸಿದಳು. "ಗಂಡಸರಾಗಿದ್ರ ಗೋಣಿಚೀಲದಾಗ ಸುತ್ತಿ ಒಗದು ಹೋಗತಿದ್ರು. ಈಕಿ ಕಲ್ಲಿಗೆ ಉಡಿ ತುಂಬ್ಯಾಳ. ತವರಿಂದ ಹೊಂಟ ಮಗಳನ್ನ ಬರೇ ಉಡ್ಯಾಗ ಕಳಸಬಾರದು ಅಂತ. ಕಲ್ಲು ಯಾವೂರಿಂದೋ ಆಕೀನೂ ಅದ ಊರಿನ ಮಗಳು. ಕಂಪ್ಲಿಗೆ ಕೊಟ್ಟಾರ."

ಇಡೀ ಕರ್ನಾಟಕದ ಪತ್ತೇದಾರರು ಸೇರಿ ಆರು ತಿಂಗಳು ತಲೆ ಕೆರೆದುಕೊಂಡರೂ ಸಿಗದ ಸುಳಿವು ಅದು. ಆ ಸಂಜೆ ಪತ್ರಿಕೆಯವರಿಗೆ ಹೊನ್ನೂರುಸ್ವಾಮಿ ಅದನ್ನು ತಾವೇ ಕಂಡುಹಿಡಿದದ್ದಾಗಿ ಹೇಳಿದರು. ಸುಮಲತಾ ಪಕ್ಕದಲ್ಲೇ ನಿಂತು, ಕೇಳಿಸಿಕೊಂಡು, ಆಕಳಿಸಿದಳು.

ಸಂಜೆಗೆ ಮಲ್ಲೇಶನನ್ನು ಠಾಣೆಗೆ ಕರೆಸಿದರು. ಅವನು ಬಂದ, ಅವನ ಹಿಂದೆ ಎಣ್ಣೆಯ ವಾಸನೆಯೂ ಬಂದು ಬೆಂಚಿನ ಮೇಲೆ ಕೂತಿತು.

"ಸೋಮವಾರ ಎಲ್ಲಿದ್ದಿ?"

"ಅಮಾಸಿ ಸಾರ್. ಬಂಡಿ ಹಚ್ಚಿದ್ದಿಲ್ಲ."

"ಓಣಿಗೆ ಬಂದೇ ಇಲ್ಲ?"

"ಮಧ್ಯಾಹ್ನ ಒಮ್ಮೆ ಬಂದಿದ್ದೆ. ಎಣ್ಣಿ ಡಬ್ಬಿ ಬಂಡ್ಯಾಗ ಉಳದಿತ್ತು."

"ಏನು ಕಂಡಿ?"

ಮಲ್ಲೇಶ್ ಸಾಹೇಬರ ಮುಖ ನೋಡಿದ, ಆಮೇಲೆ ಸುಮಲತಾಳ ಮುಖ ನೋಡಿದ. "ಒಂದು ಗೂಡ್ಸ್ ಗಾಡಿ ನಿಂತಿತ್ತು ಸಾರ್. ಅಕ್ಕಿ ಗಾಡಿ."

"ಯಾರದು?"

"ಕಂಪ್ಲಿಯಾಗ ಅಕ್ಕಿ ಗಾಡಿ ಯಾರದು ಅಂದ್ರ ಏನು ಹೇಳ್ಲಿ ಸಾರ್? ಊರಾಗ ನಾಯಿಗಿಂತ ಅವ ಜಾಸ್ತಿ ಅದಾವು. ನಾ ಬಡವ. ಮಿರ್ಚಿ ಕರಿತೀನಿ. ಗಾಡಿ ನಂಬರ್ ಓದಾಕ ಹೋಗೂದಿಲ್ಲ."

ಅವನು ಹೇಳದೆ ಬಿಟ್ಟದ್ದು ಹೇಳಿದ್ದಕ್ಕಿಂತ ಹೆಚ್ಚಿತ್ತು. ಹೊನ್ನೂರುಸ್ವಾಮಿ ಅವನನ್ನು ಕಳಿಸಿಬಿಟ್ಟರು.

ಶನಿವಾರ, ಭಾನುವಾರ ಜೀಪು ಹೊಳೆಯ ದಂಡೆಯ ಊರುಗಳನ್ನೆಲ್ಲ ಸುತ್ತಿತು. ಸಾಹೇಬರೇ ಹೇಳುವ ಪ್ರಕಾರ ಜೀಪು ಓಡಿದ ದೂರದಲ್ಲಿ ದಿಲ್ಲಿಗೆ ಹೋಗಿ ಪರೋಟ ತಿಂದು ಬರಬಹುದಿತ್ತು. ಪ್ರತಿ ಊರಲ್ಲೂ ಒಂದೇ ಪ್ರಶ್ನೆ: ನಿಮ್ಮಲ್ಲಿಯ ಮಾಸ್ತಿಕಲ್ಲು ಇದ್ದಲ್ಲೇ ಇದೆಯೋ ಇಲ್ಲವೋ. ಮಾಸ್ತಿಕಲ್ಲು ಕಳೆದದ್ದು ಎಲ್ಲೂ ಇಲ್ಲ, ಬದಲಿಗೆ ಕಳೆದ ಎಮ್ಮೆ, ಪಂಪ್‌ಸೆಟ್, ಒಬ್ಬ ಅಳಿಯ, ಇವೆಲ್ಲವನ್ನೂ ಹುಡುಕಿಕೊಡಿ ಎಂದು ಜನ ಜೀಪಿಗೆ ಸುತ್ತುಗಟ್ಟಿದರು.

ಭಾನುವಾರ ಮಧ್ಯಾಹ್ನ ರಾಮಸಾಗರ ದಾಟಿ ಬುಕ್ಕಸಾಗರಕ್ಕೆ ಬಂದರು. ಜಿಲ್ಲೆ ಬೇರೆ, ಠಾಣೆಯ ಹದ್ದು ಬೇರೆ. ಅಲ್ಲಿಯ ಠಾಣೆಗೆ ಫೋನಿನಲ್ಲಿ ತಿಳಿಸಿ ಮುಂದೆ ಹೋದರು. ಗದ್ದೆಯ ಬದುವಿನ ಮೇಲೆ ಕೂತು ಬೀಡಿ ಸೇದುತ್ತಿದ್ದ ಜಂಬಪ್ಪನನ್ನು ಕೇಳಿದಾಗ ಆತ ಬೀಡಿಯನ್ನೇ ತೋರುಬೆರಳು ಮಾಡಿ ತೋರಿಸಿದ. ಬೇವಿನ ಗಿಡದ ಬುಡದಲ್ಲಿ ಒಂದು ಗುಣಿ. ಸುತ್ತ ಸುಣ್ಣದ ಗುರುತು, ಎಣ್ಣೆಯ ಜಿಡ್ಡು.

"ಕಳುವಾತೇನು?"

"ಕಳು ಯಾಕ ಆಗತೈತ್ರಿ? ಅಕ್ಕಾರ ಒಯ್ದಾರ. ಹೊಲ ಅವರ ತವರುಮನಿದು, ನಾ ಕೋರಿಗೆ ಮಾಡತೀನಿ. ಅಮಾಸಿ ದಿನ ಹೊಲದ ಪೂಜಿಗೆ ಬಂದಿದ್ರು. ಕಂಪ್ಲಿಯಾಗ ಗುಡಿ ಕಟ್ಟಸ್ತೀನಿ ಅಂದ್ರು. ನಾವ ನಾಕು ಮಂದಿ ಎತ್ತಿ ಗಾಡ್ಯಾಗ ಇಟ್ವಿ."

"ಉಡಿ ತುಂಬಿದ್ರೇನು?"

"ತುಂಬದ ಹೆಂಗ ಕಳಸ್ತಾರ್ರಿ?" ಜಂಬಪ್ಪನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಅಕ್ಕಾರು ಅತ್ತರು ಸಹಿತ."

"ಯಾರು ಆ ಅಕ್ಕಾರು? ಹೆಸರು?"

"ಕೊಟ್ರಬಸಮ್ಮ. ಕಂಪ್ಲಿ ರೈಸ್ ಮಿಲ್ಲಿನ ವೀರೇಶಪ್ಪನ ತಾಯಿ."

ಸಂಡೂರಿನ ಲಾರಿಗಳನ್ನು ರಿವರ್ಸ್ ಓಡಿಸಿದ ಆ ಮೀಸೆ ಬುಕ್ಕಸಾಗರದ ಗದ್ದೆಯ ಬದುವಿನ ಮೇಲೆ ತಾನಾಗಿಯೇ ಇಳಿಯಿತು. ವಾಪಸ್ ಬರುವಾಗ ರಾಮಸಾಗರದ ತನಕ ಸುಮಲತಾ ಸಹ ಬಾಯಿ ತೆರೆಯಲಿಲ್ಲ, ಅದೊಂದು ದಾಖಲೆ. ಆಮೇಲೆ ಅವಳೇ ಹೇಳಿದಳು, ಮೂರು ದಿನ ಅಂತ ಪೇಪರ್‌ನಲ್ಲಿ ಬಂದಿದೆಯಲ್ಲ ಸಾರ್, ನಾಳೆಗೆ ಮುಗಿಯಿತು.

ಮಿಲ್ಲಿನ ಡ್ರೈವರ್ ಯಲ್ಲೇಶನನ್ನು ಕೇಳಿದ್ದೇ ತಡ, ಒಪ್ಪಿಕೊಂಡ. ದೊಡ್ಡಮ್ಮಾರು ಹೇಳಿದರು, ತಾನೂ ಇಬ್ಬರು ಹಮಾಲರೂ ಇಳಿಸಿ ಮಣ್ಣು ಮುಚ್ಚಿದೆವು, ಪಾಯಕ್ಕೆ ದೇವರು ಇಡುವ ಶಾಸ್ತ್ರ ಅಂದುಕೊಂಡೆವು ಎಂದ. ಯಾಕೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಅದು ಗೊತ್ತಿದ್ದವರು ಒಬ್ಬರೇ. ಭಾನುವಾರ ಸಂಜೆ ಗಂಗಾಂಬಿಕಾ ಹಿಂದಿನ ಖೋಲಿಯ ಬಾಗಿಲು ತೆರೆದು ಒಳಗೆ ಕರೆದರು. ಒಂದು ಮೇಜು, ಎರಡು ಬೆಂಚು, ಒಂದು ಕಪಾಟು. ಬಾಗಿಲ ಒಳಗೆ ಗೋಡೆಯ ಬುಡದಲ್ಲಿ ಒಂದು ಹಲಗೆ.

"ಇದೇನು?"

"ಚಪ್ಪಲಿ ಇಡಾಕ. ಇಲ್ಲಿ ಬರೂ ಹೆಣ್ಣುಮಕ್ಕಳು ಹೊರಗ ಚಪ್ಪಲಿ ಬಿಡೂದಿಲ್ಲ. ಕೈಯಾಗ ಹಿಡಕೊಂಡು ಒಳಗ ಬರತಾರ. ಯಾರು ಅದಾರ ಅಂತ ಓಣ್ಯಾಗ ಗೊತ್ತಾಗಬಾರದು."

ಕಾಯಿಪಲ್ಲೆ ಮಾರುವವರು, ಮನೆಗೆಲಸದವರು, ಪರೀಕ್ಷೆಗೆ ಓದುವ ಹುಡುಗಿಯರು, ಒಂದು ತಾಸು ಸುಮ್ಮನೆ ಕೂರಲು ಬರುವ ಸೊಸೆಯಂದಿರು. ಮತ್ತು ದಿನಾ ಮಧ್ಯಾಹ್ನ, ಮನೆಯಲ್ಲಿ ಗುಡಿಗೆ ಹೋಗುತ್ತೇನೆಂದು ಹೇಳಿ, ಸೆರಗು ಮುಖದ ತನಕ ಎಳೆದುಕೊಂಡು ಬರುವ ಕೊಟ್ರಬಸಮ್ಮ. ಕಪಾಟಿನ ಪುಸ್ತಕಗಳನ್ನೆಲ್ಲ ಮುಗಿಸಿದ್ದಾರೆ, ಈಗ ಎರಡನೇ ಸಲ ಶುರು ಮಾಡಿದ್ದಾರೆ ಎಂದರು ಗಂಗಾಂಬಿಕಾ.

"ಏನು ಮುಗಿಸ್ಯಾರ? ಅವರಿಗೆ ಓದಾಕ ಬರೂದಿಲ್ಲಲ್ಲ."

"ನಾನ ಕಲಿಸೀನಿ," ಎಂದರು ಗಂಗಾಂಬಿಕಾ. "ಗಂಡ ತೀರಕೊಂಡ ವರ್ಷ ಶುರು ಮಾಡಿದ್ರು. ಮನ್ಯಾಗ ಹೇಳಬ್ಯಾಡ ಅಂತ ಆಣಿ ತಗೊಂಡಾರ. ಇವತ್ತು ನೀವು ಕೇಳೂ ತನಕ ಹೇಳಿಲ್ಲ."

ಹೊನ್ನೂರುಸ್ವಾಮಿ ತಮ್ಮ ಇಡೀ ನೌಕರಿಯಲ್ಲಿ ಮಾಡದ ಒಂದು ಕೆಲಸ ಮಾಡಿದರು. ಸೋಮವಾರ ಬೆಳಿಗ್ಗೆ ಅಕ್ಕಿ ಮಂಡಿಗೆ ತಾವೇ ಹೋಗಿ, ವೀರೇಶರ ಎದುರು ಗಾದಿಯ ಮೇಲೆ ಕೂತು, ದೂರು ವಾಪಸ್ ತಗೊಳ್ಳಿ ಎಂದರು. ಕಲ್ಲನ್ನು ಹೇಗೂ ಎತ್ತಿದ್ದೇವೆ, ಒಂದು ವಾರದಲ್ಲಿ ಕೆಲಸ ಶುರುವಾಗುತ್ತದೆ, ಮೀಸೆ ಬೋಳಿಸಿಕೊಳ್ಳಲೂ ತಾವು ತಯಾರು ಎಂದರು. ನಿಜವಾಗಿ ಆ ಗಳಿಗೆಯಲ್ಲಿ ತಯಾರಿದ್ದರು.

ವೀರೇಶ್ ನಕ್ಕರು. ಯಾರಾದರೂ ದೊಡ್ಡ ಮನುಷ್ಯರ ಹೆಸರು ಬಂತೇನು, ಯಾರೇ ಇರಲಿ ಹೆದರಬೇಡಿ ಎಂದರು. "ನಮ್ಮವ್ವನ ಹೆಸರಿನ ಕೆಲಸ ತಡದಾರ. ನನ್ನ ಸ್ವಂತ ತಮ್ಮ ಆಗಿದ್ರೂ ನಾ ಬಿಡೂದಿಲ್ಲ. ನೀವೂ ಬಿಡಬ್ಯಾಡ್ರಿ. ಇಲ್ಲಾಂದ್ರ ನಾ ಎಸ್‌ಪಿ ಸಾಹೇಬ್ರ ಹಂತ್ಯಾಕ ಹೋಗತೀನಿ."

ಸಾಹೇಬರು ಮಂಡಿಯಿಂದ ಎದ್ದು ಗ್ರಂಥಾಲಯದ ಮೆಟ್ಟಿಲ ಕಡೆ ನೋಡಿದರು. ಹೌದು, ಅಲ್ಲಿಂದ ಪ್ರತಿ ಚಪ್ಪಲಿಯೂ ಕಾಣುತ್ತಿತ್ತು. "ಹಂಗಾರ ನೀವೂ ಬರ್ರಿ, ನಿಮ್ಮ ಮನಿಗೆ ಹೋಗೂಣು," ಎಂದರು.

ಬೆಳಿಗ್ಗೆ ಹನ್ನೊಂದು ಗಂಟೆ. ವೀರೇಶರ ಮನೆಯ ಪಡಸಾಲೆ ಎಂದರೆ ಅದರಲ್ಲಿ ಎರಡು ಮದುವೆಗಳನ್ನು ಒಟ್ಟಿಗೇ ಮಾಡಿ, ಒಂದರ ವಾಲಗ ಇನ್ನೊಂದಕ್ಕೆ ಕೇಳದಷ್ಟು ದೊಡ್ಡದು. ಅದರ ಒಂದು ಕಂಬಕ್ಕೆ ಒರಗಿ ಕೊಟ್ರಬಸಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ಹಣೆಯಲ್ಲಿ ವಿಭೂತಿ, ಸಣ್ಣ ದೇಹ. ಪೊಲೀಸರನ್ನು ನೋಡಿ ಅವರಿಗೆ ಅಚ್ಚರಿಯಾಗಲಿಲ್ಲ.

"ಬರ್ರಿ, ಕುಂದ್ರಿ. ಉಡಿ ಸಿಕ್ತೇನು?" ಎಂದರು.

ಸುಮಲತಾ ಅವರ ಪಕ್ಕದಲ್ಲಿ ನೆಲದ ಮೇಲೇ ಕೂತಳು. "ಸಿಕ್ತ್ರಿ ಅಮ್ಮಾ."

"ತುಂಬಬಾರದಿತ್ತು. ತುಂಬದ ಇರಾಕ ಆಗಲಿಲ್ಲ ನೋಡು. ನನ್ನ ಸ್ವಾರ್ಥಕ್ಕ ಆಕಿನ ತವರು ಬಿಡಿಸಿ ತಂದೆ."

ವೀರೇಶ್ ನಿಂತಲ್ಲೇ ನಿಂತಿದ್ದರು. ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವ್ವನಿಗೆ ತಿಳಿವಳಿಕೆ ಇಲ್ಲ, ಯಾರೋ ತಲೆ ತುಂಬಿದ್ದಾರೆ ಎಂದರು.

ಹೇಳಿಕೆಯನ್ನು ಹೊನ್ನೂರುಸ್ವಾಮಿ ತಾವೇ ಬರೆದುಕೊಂಡರು. ಹಂಪಿಯ ಸುತ್ತಮುತ್ತ ಹಳೆಯ ಕಲ್ಲು ಸಿಕ್ಕರೆ ಕೆಲಸ ನಿಲ್ಲಿಸುತ್ತಾರೆಂದು ಎಲ್ಲಿ ತಿಳಿಯಿತು ಎಂದು ಕೇಳಿದರೆ, ಪೇಪರಿನಲ್ಲಿ ಓದಿದೆ ಎಂದರು ಕೊಟ್ರಬಸಮ್ಮ. ಹಿಂದೊಮ್ಮೆ ಮೊಮ್ಮಗಳ ಪಾಟಿಯ ಮೇಲೆ ಅಕ್ಷರ ತಿದ್ದುವಾಗ ಗಂಡ ನೋಡಿ, ಹಮಾಲರನ್ನೆಲ್ಲ ಕರೆದು ತೋರಿಸಿ, ಈಕೆ ಇನ್ನು ಕಲೆಕ್ಟರ್ ಆಗುತ್ತಾಳೆ ಎಂದು ನಕ್ಕಿದ್ದರು. ಮಗನೂ ಅಲ್ಲೇ ನಿಂತು ನಕ್ಕಿದ್ದ. ಅಂದಿನಿಂದ ಮನೆಯಲ್ಲಿ ಅವರು ಪಾಟಿ ಮುಟ್ಟಿರಲಿಲ್ಲ. ಇದನ್ನೆಲ್ಲ ಅವರು ಅವರೆಕಾಯಿ ಬಿಡಿಸುತ್ತಲೇ ಹೇಳಿದರು.

"ಮಗನಿಗೆ ಒಂದು ಮಾತು ಹೇಳಿದ್ರ ಆ ಬಾಗಿಲ ಉಳಸ್ತಿದ್ರಲ್ಲ ಅಮ್ಮಾ?" ಎಂದರು ಹೊನ್ನೂರುಸ್ವಾಮಿ.

"ಉಳಸ್ತಿದ್ದ. ಉಳಿಸಿ ಆ ಬಾಗಿಲಿಗೂ ಒಂದು ಫ್ಲೆಕ್ಸ್ ಕಟ್ಟತಿದ್ದ." ಕೊಟ್ರಬಸಮ್ಮ ಕೈ ನಿಲ್ಲಿಸಿದರು. "ಈ ಮನ್ಯಾಗ ನನ್ನದು ಅನ್ನೂದು ಎಲ್ಲಾನೂ ಇವನ ಭಾಷಣ ಆಗೇತಿ. ನನಗ ಅಕ್ಷರ ಬರೂದಿಲ್ಲ ಅನ್ನೂದು ಭಾಷಣ. ಬರತೈತಿ ಅಂತ ಗೊತ್ತಾದ್ರ ಅದೂ ಭಾಷಣ. ಆ ಖೋಲ್ಯಾಗ ಕುಂತಾಗ ನಾ ಯಾರ ಅವ್ವಾನೂ ಅಲ್ಲ, ಯಾರ ಹೇಣತೀನೂ ಅಲ್ಲ. ಒಂದು ತಾಸು. ಅದಕ್ಕ ಮಾಡಿದೆ."

ಹೇಳಿಕೆ ಮುಗಿಯಿತು. ಸಹಿಗೆ ಕಾಗದ ಮುಂದಿಟ್ಟಾಗ ವೀರೇಶ್ ಇಂಕ್ ಪ್ಯಾಡ್ ಕೇಳಿದರು. "ಹೆಬ್ಬೆಟ್ಟು ತಗೊಳ್ರಿ ಸಾಹೇಬ್ರ. ಅವ್ವಗ..." ಎಂದು ಅಭ್ಯಾಸಬಲದಿಂದ ಶುರು ಮಾಡಿ ನಿಲ್ಲಿಸಿದರು.

ಕೊಟ್ರಬಸಮ್ಮ ಕೈ ಒರೆಸಿಕೊಂಡು ಕಾಗದವನ್ನು ಬೆಳಕಿಗೆ ಹಿಡಿದರು. ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಓದಿದರು. ಆಮೇಲೆ ಒಂದು ಕಡೆ ಬೆರಳಿಟ್ಟರು.

"ಇಲ್ಲಿ 'ದುರುದ್ದೇಶದಿಂದ' ಅಂತ ಬರದೀರಿ. ಅದನ್ನ ನಾ ಹೇಳಿಲ್ಲ."

ಹೊನ್ನೂರುಸ್ವಾಮಿ ಪೆನ್ನು ತೆಗೆದು ಆ ಪದವನ್ನು ಹೊಡೆದುಹಾಕಿದರು. ಕೊಟ್ರಬಸಮ್ಮ ನಿಧಾನವಾಗಿ, ದುಂಡಗೆ, ಪೂರ್ತಿ ಹೆಸರು ಬರೆದು ಸಹಿ ಮಾಡಿದರು. ಮಗ ಆ ಸಹಿಯನ್ನು ನೋಡಿದರು. ಬಂಧನದ ಮಾಹಿತಿ ಪತ್ರದಲ್ಲಿ ಸಂಬಂಧಿಕರ ಜಾಗದಲ್ಲಿ ಅವರೂ ಸಹಿ ಮಾಡಬೇಕಿತ್ತು. ಮಾಡಿದರು.

ಸುಮಲತಾ ಅಮ್ಮನನ್ನು ಕೈಹಿಡಿದು ಜೀಪಿಗೆ ಹತ್ತಿಸಿದಳು. ಮಧ್ಯಾಹ್ನಕ್ಕೆ ಠಾಣೆಯಲ್ಲೇ ಜಾಮೀನಾಯಿತು. ಹೊರಗೆ ಪತ್ರಿಕೆಯವರಿದ್ದರು. ಮೂರೇ ದಿನದಲ್ಲಿ ಪತ್ತೆ ಮಾಡಿದ್ದಕ್ಕೆ ಸಾಹೇಬರನ್ನು ಅಭಿನಂದಿಸಿದರು. ಮಾತಿಗೆ ಎಂದೂ ಬರವಿಲ್ಲದ ಹೊನ್ನೂರುಸ್ವಾಮಿ, ತನಿಖೆ ನಡೆದಿದೆ ಎಂದಷ್ಟೇ ಹೇಳಿ ಒಳಗೆ ಹೋದರು.

ಆಮೇಲಿನದು ದಾಖಲೆಯಲ್ಲಿದೆ. ಕೋರ್ಟಿನಲ್ಲಿ ಕೊಟ್ರಬಸಮ್ಮ ತಪ್ಪೊಪ್ಪಿಕೊಂಡು ದಂಡ ಕಟ್ಟಿದರು. ಮಾಸ್ತಿಕಲ್ಲು ಬುಕ್ಕಸಾಗರಕ್ಕೆ ವಾಪಸ್ ಹೋಗಲಿಲ್ಲ. ಪುರಾತತ್ವ ಇಲಾಖೆಯ ಉಗ್ರಾಣ ಸೇರಿತು. ಗಂಗಾಂಬಿಕಾ ಅವರನ್ನು ಸಂಡೂರಿಗೆ ವರ್ಗ ಮಾಡಿದರು. ಹಿಂದಿನ ಖೋಲಿ ಬಿತ್ತು. ವೀರೇಶ್ ಒಂದು ವಾರ ಮನೆಯಿಂದ ಹೊರಗೆ ಬರಲಿಲ್ಲ. ಎಂಟನೇ ದಿನ ಬಂದಾಗ ಅವರ ಬಳಿ ಹೊಸ ಭಾಷಣವಿತ್ತು: ನನ್ನ ತಾಯಿ ಇದೇ ಗ್ರಂಥಾಲಯದಲ್ಲಿ ಗುಟ್ಟಾಗಿ ಅಕ್ಷರ ಕಲಿತಳು. ಕಣ್ಣು ಮೊದಲಿನಂತೆಯೇ ತೇವವಾಗುತ್ತಿತ್ತು. ಫ್ಲೆಕ್ಸಿನ ಸಾಲೂ ಬದಲಾಯಿತು.

ವರ್ಷದ ಕೊನೆಯಲ್ಲಿ ಉದ್ಘಾಟನೆ. ಬಂದೋಬಸ್ತಿಗೆ ಹೊನ್ನೂರುಸ್ವಾಮಿ ಮತ್ತು ಸುಮಲತಾ. ಗಾಜಿನ ಕಟ್ಟಡ ಥಳಥಳ ಹೊಳೆಯುತ್ತಿತ್ತು. ಎಲ್ಲರ ಚಪ್ಪಲಿಗಳೂ ಮುಂದಿನ ಮೆಟ್ಟಿಲ ಮೇಲಿದ್ದವು. ಹೆಂಗಸರದು ಕೆಲವೇ ಜೋಡಿ, ಅವೂ ವೇದಿಕೆಯ ಮೇಲಿನವರ ಮನೆಯವರವು. ಹಿಂದಿನ ಬಾಗಿಲಿದ್ದ ಜಾಗದಲ್ಲಿ ಗಿಲಾವು ಮಾಡಿದ ಬೋಳು ಗೋಡೆ.

ವೀರೇಶ್ ಭಾಷಣ ಮುಗಿಸಿ, ಕಲ್ಲಿನ ಫಲಕದ ಮೇಲಿನ ಪರದೆ ಸರಿಸಿ, ತಾಯಿಯ ಕೈಗೆ ಮೈಕು ಕೊಟ್ಟರು. "ಅವ್ವ, ಇದನ್ನ ಎಲ್ಲರ ಮುಂದ ಒಮ್ಮೆ ಓದು."

ಪತ್ರಿಕೆಯವರು ಕ್ಯಾಮೆರಾ ಎತ್ತಿದರು. ಕೊಟ್ರಬಸಮ್ಮ ಫಲಕವನ್ನು ನೋಡಿದರು. ಅವರ ಕಣ್ಣು ಎಡದಿಂದ ಬಲಕ್ಕೆ, ಸಾಲಿನಿಂದ ಸಾಲಿಗೆ, ಕೊನೆಯ ತನಕ ಇಳಿದದ್ದು ಹೊನ್ನೂರುಸ್ವಾಮಿಗೆ ಕಂಡಿತು.

"ನನಗ ಓದಾಕ ಬರೂದಿಲ್ಲಪ್ಪಾ," ಎಂದು ಅವರು ಮೈಕನ್ನು ಮಗನ ಕೈಗೆ ವಾಪಸ್ ಕೊಟ್ಟರು.

ಜನ ವೀರೇಶರ ಮುಖ ನೋಡಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಮ್ಮ ವೇದಿಕೆಯಿಂದ ಇಳಿದು, ಮೆಟ್ಟಿಲ ಮೇಲಿದ್ದ ತಮ್ಮ ಚಪ್ಪಲಿಗಳನ್ನು ಕೈಯಲ್ಲಿ ಎತ್ತಿಕೊಂಡು, ಬರಿಗಾಲಿನಲ್ಲಿ ಬಜಾರ ದಾಟಿ ಮನೆಯ ಕಡೆ ನಡೆದರು.

ಸುಮಲತಾ ಸಾಹೇಬರ ಕಡೆ ತಿರುಗಿದಳು. ಕೊಟ್ರಬಸಮ್ಮನ ದುಂಡಗಿನ ಸಹಿ ಇದ್ದ ಕಾಗದ ಠಾಣೆಯ ಕಡತದಲ್ಲಿತ್ತು. ತೋರಿಸಿದ್ದರೆ ವೀರೇಶರ ಮಾನ ಉಳಿಯುತ್ತಿತ್ತು. ಪಕ್ಕದಲ್ಲಿದ್ದ ಪತ್ರಿಕೆಯವನು, ಅಮ್ಮನಿಗೆ ನಿಜಕ್ಕೂ ಓದಲು ಬರುತ್ತದೆಯೇ, ನಿಮಗೆ ಗೊತ್ತಿರಬೇಕಲ್ಲ ಸಾರ್ ಎಂದು ಕೇಳಿದ.

"ನನಗ ಗೊತ್ತಿಲ್ಲ," ಎಂದರು ಹೊನ್ನೂರುಸ್ವಾಮಿ.